ಡೇರೆ ಬಾಗಿಲಿನ ಹಾಲು

ಮಾರ್ಚ್ ಹನ್ನೆರಡರ ಬೆಳಿಗ್ಗೆ ಎಂಟಕ್ಕೆ ಬಸವೇಶ್ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಬೂಟಿನಿಂದ ಅರ್ಧ ಕೆರೆಯೇ ಸುರಿಯುತ್ತಿತ್ತು. ಪ್ರವಾಸಿಗರು ಡೇರೆ ಹಾಕಿ ದೋಣಿ ನಡೆಸಲು ತಕ್ಕ ಜಾಗ ಹುಡುಕುವುದು ಹರಪನಹಳ್ಳಿಯ ಈ ಬಸವೇಶನ ಕೆಲಸ. ಜಾಗ ಪರೀಕ್ಷಿಸಲೆಂದು ಹೊಸಹಳ್ಳಿ ಹೋಬಳಿಯ ಹಳೇಕೆರೆ ದಂಡೆಯಲ್ಲಿ ಕೆಲವು ದಿನಗಳಿಂದ ಬೀಡುಬಿಟ್ಟಿದ್ದ. ಆ ಮುಂಜಾನೆ ನಡುಗೆರೆಯಲ್ಲಿ ದೋಣಿ ಮುಳುಗಿತ್ತು. ನಡೆಸುತ್ತಿದ್ದ ಹೊಳಲಿನ ಹುಲುಗೇಶ ಕೂಡ್ಲಿಗಿ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಇದ್ದ.

"ಗಾಳಿ ಇತ್ತೇನು?" ಪಿಎಸ್‌ಐ ಓಬಳೇಶಪ್ಪ ಕೇಳಿದರು.

"ಒಂದು ಎಲೀನೂ ಅಲ್ಲಾಡ್ಲಿಲ್ಲ ಸಾರ್. ಮೀನು ಹಿಡಿಯೋರು ಎತ್ತಿದಾಗ ಅವನು ಅಂದಿದ್ದು ಒಂದೇ ಮಾತು. ಕೆಳಗಿಂದ ಯಾರೋ ಎಳದ್ರು ಅಂತ."

"ಬೇರೆ ಏನರ ಕಂಡ್ರಿ?"

ಬಸವೇಶ್ ತಡವರಿಸಿದ. "ದಿನಾ ಬೆಳಿಗ್ಗೆ ಡೇರೆ ಬಾಗಿಲಿಗೆ ಒಂದು ಬಟ್ಲು ಹಾಲು ಇರ್ತಿತ್ತು. ಇಟ್ಟೋರು ಕಾಣ್ತಿರ್ಲಿಲ್ಲ. ಊರೋರ ಪ್ರೀತಿ ಅಂದ್ಕಂಡು ಚಾ ಮಾಡ್ಕಂಡು ಕುಡಿದ್ವಿ."

ದೂರು ಬರೆಯುತ್ತಿದ್ದ ಹೆಡ್ ಕಾನ್ಸ್‌ಟೇಬಲ್ ದುರುಗಣ್ಣನ ಪೆನ್ನು ನಿಂತಿತು.

ಹತ್ತೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಸಮತಟ್ಟಾದ ದಂಡೆ, ತಣ್ಣನೆ ನೆರಳು. ಮೊಣಕಾಲುದ್ದ ಹುಲ್ಲಿದ್ದರೂ ಒಂದು ಕುರಿಯೂ ಅದಕ್ಕೆ ಬಾಯಿ ಹಾಕಿರಲಿಲ್ಲ. ಹಕ್ಕಿಯ ಸದ್ದೂ ಇಲ್ಲ. ದುರುಗಣ್ಣ ದೂರದಲ್ಲೇ ಬೂಟು ಬಿಚ್ಚಿ ಬರಿಗಾಲಲ್ಲಿ ಬಂದ.

ಮೀನುಗಾರರು ಎಳೆದು ತಂದ ಕೇಸರಿ ಬಣ್ಣದ ಪ್ಲಾಸ್ಟಿಕ್ ದೋಣಿಯ ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಅಂಚೆಲ್ಲ ಕರಗಿ ಮುದುಡಿತ್ತು. ರಾತ್ರಿ ದೋಣಿ ಕವಿಚಿಟ್ಟಿದ್ದ ಜಾಗದಲ್ಲಿ ಕೂಡ್ಲಿಗಿ ಸಂತೆಗೆ ಬಂದ ಜನರಷ್ಟು ಇರುವೆ. ಪೇದೆ ನಾಗರತ್ನ ಮಣ್ಣಿನಿಂದ ಒಂದು ಚೂರು ಎತ್ತಿ ಮೂಸಿದಳು.

"ಬೆಲ್ಲ ಸಾರ್. ತೂತಿಗೆ ಮೆತ್ಯಾರ. ನೀರಾಗ ಕರಗೋ ತನಕ ತಡದೈತಿ. ದೆವ್ವ ಇಷ್ಟು ಕಷ್ಟ ಪಡಂಗಿಲ್ಲ ಬಿಡ್ರಿ."

ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಾಯಿತು.

ಡೇರೆಯ ಮುಂದೆ ಬೂದಿಯ ರಾಶಿಯಿತ್ತು. ದುರುಗಣ್ಣ ಅದನ್ನೇ ನೋಡುತ್ತಿದ್ದ. "ಇಲ್ಲಿ ಮುಳ್ಳಿನ ಗುಡ್ಡಿ ಇದ್ವೇನ್ರಿ?"

"ಇದ್ವು. ಒಣ ಜಾಲಿ. ಒಳ್ಳೆ ಸೌದೆ ಅಂತ ಸುಟ್ವಿ."

"ಹಸುಗೂಸು ಹೂಳೋ ಜಾಗರೀ ಇದು. ನಾಯಿ ಕೆದರಬಾರ್ದಂತ ಮ್ಯಾಲ ಮುಳ್ಳು ಹಾಕ್ತಾರ. ಆ ಹಾಲು ನಿಮಗಿಟ್ಟಿದ್ದಲ್ಲ."

ಬಸವೇಶ್ ಬೂದಿಯಿಂದ ಹಿಂದೆ ಸರಿದು ತನ್ನ ಬೂಟು ಬಿಚ್ಚತೊಡಗಿದ.

ಡೇರೆಯ ಒಂದು ಮೂಲೆಗೆ ಮಾತ್ರ ಹಸಿ ಜಾಲಿ ಕೊಂಬೆ ಒರಗಿತ್ತು. ಕಿತ್ತೆಸೆದಷ್ಟೂ ಮರುದಿನ ಮತ್ತೆ ಬಂದಿರುತ್ತಿತ್ತಂತೆ. ಕಡಿದ ಗುರುತು ಹುಡುಕುತ್ತಾ ಹೋದ ನಾಗರತ್ನಳಿಗೆ ದಿಬ್ಬದಾಚೆ ಅಂಥದೇ ಜಾಲಿ ಪೊದೆ, ಅದರ ಪಕ್ಕ ಒಂದು ಗುಡಿಸಲು, ಒಂದು ಮೇಕೆ ಸಿಕ್ಕವು. ಅಲ್ಲಿ ಒಂಟಿಯಾಗಿ ಬದುಕುತ್ತಿದ್ದ ಗಾದೆಮ್ಮ ಎಂಬ ಮುದುಕಿ ಹೊರಗೆ ಕೂತಿದ್ದಳು. ವಯಸ್ಸು ಎಪ್ಪತ್ತರ ಮೇಲೆ.

"ದೋಣಿ ಮುಳಿಗಿದ್ದು ಗೊತ್ತೇನಬೇ?" ಓಬಳೇಶಪ್ಪ ಕೇಳಿದರು.

"ನೀ ಏನರ ಕುಂತಿದ್ದ್ಯಾ ಅದರಾಗ? ನೀ ಕುಂತ್ರ ಕೆರಿ ನೀರು ಕೊಟ್ಟೂರು ತನಕ ಹೊಕ್ಕಿತ್ತು!"

ನಾಗರತ್ನ ನಗು ತಡೆದುಕೊಂಡು ಒಲೆಯ ಬಳಿ ಬಾಗಿದಳು. ಕಬ್ಬಿಣದ ಸರಳಿನ ತುದಿಯಲ್ಲಿ ಕೇಸರಿ ಪ್ಲಾಸ್ಟಿಕ್ ಅಂಟಿತ್ತು.

"ಇದೇನಬೇ?"

"ಮುದುಕಿಗೆ ಕಣ್ಣು ಕಾಣಂಗಿಲ್ಲವ್ವ. ನೀನ ಹೇಳು."

"ಆಸ್ಪತ್ರಿಯಾಗ ಹುಲುಗೇಶನ ತಾಯಿ ಅದಾಳ. ಮಗನ ಕಾಲು ಹಿಡಕಂಡು ಕುಂತಾಳ."

ಗಾದೆಮ್ಮನ ಮುಖದ ನಗೆ ಆರಿತು.

"ಬೆಲ್ಲಕ್ಕ ಸುಣ್ಣ ಕಲಸಿ ಮೆತ್ತಿದ್ರ ಕಲ್ಲಾಕ್ಕೈತಿ. ನೀರಾಗ ಕರಗ್ಲಿ ಅಂತ ನಾ ಸುಣ್ಣ ಹಾಕ್ಲಿಲ್ಲ," ಎಂದಳು. "ನನ್ ಕೂಸಿನ ಮ್ಯಾಲ ಬೆಂಕಿ ಹಚ್ಚಿ ಕುಣದ್ರು. ಎದೀ ಮ್ಯಾಲ ಗೂಟ ಹೊಡದ್ರು."

"ಸಾಯ್ಲಿ ಅಂತ ಮಾಡಿದ್ಯಾ?"

"ಆ ಹೊತ್ನ್ಯಾಗ ಹೌದು." ಅವಳು ತಲೆ ಎತ್ತಿದಳು. "ಹುಡುಗ ಉಳೀತಾನೇನು?"

ಆಸ್ಪತ್ರೆಗೆ ಫೋನು ಮಾಡಿದ ಓಬಳೇಶಪ್ಪ, "ಕಣ್ಣು ತೆರದಾನಂತ," ಎಂದರು. ಗಾದೆಮ್ಮ ಎದ್ದು, ತಾನಿಲ್ಲದಾಗ ಹಸಿದಿರಬಾರದೆಂದು ಮೇಕೆಯ ಹಗ್ಗ ಬಿಚ್ಚಿದಳು.

ಸಂಜೆ ಐದೂವರೆಗೆ ಅವಳನ್ನು ಬಂಧಿಸಲಾಯಿತು. ಹೇಳಿಕೆ ಬರೆದುಕೊಳ್ಳುವಾಗ ನಾಗರತ್ನ ಕೇಳಿದಳು, "ಕೂಸಿನ ಹೆಸರೇನಬೇ?"

"ತೊಟ್ಲಿಗೆ ಹಾಕೋ ಮೊದ್ಲ ಹೋತವ್ವ. ಯಾರೂ ಇಡ್ಲಿಲ್ಲ." ಸ್ವಲ್ಪ ತಡೆದು, ದುರುಗಣ್ಣನಿಗೆ ಕೇಳದಂತೆ ಸೇರಿಸಿದಳು, "ನಾ ಒಂದು ಕರೀತೀನಿ. ಅದು ಬರೀಬ್ಯಾಡ."

ನಾಗರತ್ನ ಕಿವಿ ಹತ್ತಿರ ತಂದಳು. ಕೇಳಿಸಿಕೊಂಡಳು. ಬರೆಯಲಿಲ್ಲ.