ವಿಭೂತಿ ಹಚ್ಚಿದ ರ‍್ಯಾಮ್

ಸ್ವಿಚ್ ಒತ್ತಿದರೆ ಮತ್ತೆ ಅದೇ ಬೀಪ್, ಬೀಪ್. ಪರದೆ ಕಪ್ಪಗೇ ಇತ್ತು. ಶಿಲ್ಪಶ್ರೀ ಗಡಿಯಾರ ನೋಡಿದಳು.

ಸಂಜೆ ಅಪ್ಪ ಬರುವಷ್ಟರಲ್ಲಿ ಈ ಕಂಪ್ಯೂಟರಿನಲ್ಲಿ ಒಂದು ಮದುವೆ ಪತ್ರಿಕೆ ಮಾಡಿ ತೋರಿಸಿದರೆ ದಟ್ಟಗಳ್ಳಿಯ ಮನೆಯಲ್ಲೇ ಡಿಟಿಪಿ, ಅಕ್ಷರ ಜೋಡಿಸುವ ಕೆಲಸ. ಇಲ್ಲದಿದ್ದರೆ ಚಾಮರಾಜನಗರದ ಗಂಡಿಗೆ ಒಪ್ಪಿಗೆ. ಅಪ್ಪ ಶಿವರುದ್ರಪ್ಪನವರು ಆಡಿದ ಮಾತಿಗೆ ತಪ್ಪುವವರಲ್ಲ. ಆ ಗಂಡು ಅವಳಿಗೆ ಬೇಡ. ಬೇಕಾದವನು ಸ್ಕ್ರೂಡ್ರೈವರ್ ಹಿಡಿದು ಎದುರಿಗೇ ಕೂತಿದ್ದ, ಪಾಪ, ಅದು ಗೊತ್ತಿಲ್ಲದೆ.

ಕಂಪ್ಯೂಟರ್ ಜೋಡಿಸಿಕೊಡುವ ಸಾಗರ್, ಅವಳ ಹೊಸ ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಒಂದೇ ಸಾಲದೆಂದು ಹಳೆಯದೊಂದನ್ನು ತಂದು ಪಕ್ಕದಲ್ಲಿ ಸಿಕ್ಕಿಸಿದ್ದ.

"ನಂದೇ ತಪ್ಪು ಕಣ್ರೀ. ನಿಮ್ದು ವೇಗದ್ದು, ನಂದು ನಿಧಾನದ್ದು. ಹೊಂದ್ಕೊಳ್ಳುತ್ತೆ ಅಂದ್ಕೊಂಡ್ಬುಟ್ಟೆ," ಎಂದು ತನ್ನದನ್ನು ಕಿತ್ತ.

ಆದರೂ ಬೀಪ್ ನಿಲ್ಲಲಿಲ್ಲ.

"ನಿಮ್ದನ್ನ ಅಂಗಡೀಲಿ ಟೆಸ್ಟ್ ಮಾಡಿಸೇ ತಂದಿದ್ನಲ್ಲ!" ಎಂದ ಸಾಗರ್.

ಶಿಲ್ಪಶ್ರೀ ಹೊಸ ರ‍್ಯಾಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಚಿನ್ನದ ಬಣ್ಣದ ಅಂಚಿನ ಮೇಲೆ ಬೆಳ್ಳಗೆ ಮೂರು ಗೆರೆ.

"ಅಮ್ಮಾ, ಇದಕ್ಕೂ ವಿಭೂತಿ ಹಚ್ಚಿದ್ಯಾ?"

"ಹೊಸ ಸಾಮಾನಲ್ವೇನಮ್ಮ? ಬೆಳಿಗ್ಗೆ ಎಲ್ಲಕ್ಕೂ ಹಚ್ಚಿದೆ," ಎಂದರು ಗಿರಿಜಾಂಬಾ ಒಳಗಿನಿಂದ.

ಸಾಗರ್ ರಬ್ಬರ್ ಕೇಳಿದ. ಕೊಡುವಾಗ ಬೆರಳು ತಾಗಿತು. ಅವನು ತಲೆ ಎತ್ತದೆ ಅಂಚು ಉಜ್ಜಿದ; ಕಿವಿ ಮಾತ್ರ ಕೆಂಪಾಗಿತ್ತು.

"ತಪ್ಪು ವೇಗದ್ದಲ್ಲ, ವಿಭೂತೀದು. ಎರಡೂ ಹಾಕ್ತೀನಿ. ನಿಮ್ದು ನಂದರ ವೇಗಕ್ಕೆ ಇಳಿಯುತ್ತೆ, ಪರ್ವಾಗಿಲ್ವಾ?"

"ಇಳೀಲಿ ಬಿಡಿ."

ಹೊರಗೆ ಅಪ್ಪನ ಸ್ಕೂಟರ್ ನಿಂತಿತು. ಸಾಗರ್ ಸ್ವಿಚ್ ಒತ್ತಿದ. ಒಂದೇ ಬೀಪ್, ಪರದೆಯ ಮೇಲೆ ಅಂಕಿಗಳು ಓಡಿದವು. ಶಿಲ್ಪಶ್ರೀಗೆ ಹೋದ ಜೀವ ಬಂದಂತಾಯಿತು.

"ಈ ಹಳೇದು ಎಲ್ಲಿಂದ ತಂದ್ರಿ?"

"ನನ್ನ ಕಂಪ್ಯೂಟರಿಂದು."

"ಮತ್ತೆ ಅದಕ್ಕೆ?"

"ಇದ್ದಿದ್ದೇ ಇದೊಂದು. ನೀವು ಚಾಮರಾಜನಗರಕ್ಕೆ ಹೋಗ್ಬುಟ್ರೆ, ಅದನ್ನ ಆನ್ ಮಾಡಿ ನಾನೇನು ನೋಡ್ಲಿ?"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಕೀಬೋರ್ಡ್ ಎಳೆದುಕೊಂಡಳು.

ಅಪ್ಪ ಕೈಕಾಲು ತೊಳೆದು, ಕಾಫಿ ಕುಡಿದು ಬರುವ ಹೊತ್ತಿಗೆ ಪತ್ರಿಕೆ ಸಿದ್ಧವಾಗಿತ್ತು. ಕನ್ನಡಕ ಏರಿಸಿ ಓದಿದರು. ವಧು, ಚಿ. ಸೌ. ಶಿಲ್ಪಶ್ರೀ. ವರ, ಚಿ. ಸಾಗರ್.

ಸಾಗರ್‌ನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು. ಶಿವರುದ್ರಪ್ಪನವರು ಅವನನ್ನು ನೋಡಿದರು, ಮಗಳನ್ನು ನೋಡಿದರು. ಮತ್ತೆ ಮೊದಲಿನಿಂದ ಓದಿದರು.

"ಮುಹೂರ್ತದ ಜಾಗ ಖಾಲಿ ಬಿಟ್ಟಿದ್ದೀಯಲ್ಲಮ್ಮ?"

"ಅದನ್ನ ನೀವೇ ಹೇಳ್ಬೇಕಪ್ಪ."

ಅವರು ಕುರ್ಚಿ ಎಳೆದು ಕೂತರು.

"ಗಿರಿಜಾ, ಪಂಚಾಂಗ ತಗೊಂಡು ಬಾ."