ಊರೆಲ್ಲ ಓದಿದ ಪತ್ರ

"ಮುಟ್ಬ್ಯಾಡ್ರೀ! ಶಾಕ್ ಹೊಡಿತೈತೆ!"

ಕೂಗಿದ್ದಷ್ಟೇ ಅಲ್ಲ, ಅವನು ಓಡಿಬಂದು ಅವಳ ಮುಂಗೈ ಹಿಡಿದು ಹಿಂದಕ್ಕೆ ಎಳೆದೂಬಿಟ್ಟಿದ್ದ. ಗಂಗಲಕ್ಷ್ಮಿಯ ಎದೆ ಡವಡವ ಹೊಡೆದುಕೊಂಡಿತು. ಕರೆಂಟಿನ ಶಾಕ್ ತಪ್ಪಿತು ನಿಜ... ಆದರೆ ಆ ಕೈ ಬಿಟ್ಟ ಮೇಲೂ ಅವಳ ಎದೆಬಡಿತ ನಿಲ್ಲಲಿಲ್ಲ!

ಅದು 2002. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಲೋಹಿತನ ರೇಡಿಯೋ, ಟಿವಿ ರಿಪೇರಿ ಅಂಗಡಿ. ದೊಡ್ಡಉಳ್ಳಾರ್ತಿಯ ಕಾಟಪ್ಪನ ಕಿರಿಮಗಳು, ಬಿ.ಎ. ಓದುತ್ತಿದ್ದ ಗಂಗಲಕ್ಷ್ಮಿ, ಅಪ್ಪನ ರೇಡಿಯೋ ಕೊಡಲು ಬಂದವಳು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದ ಪೆಟ್ಟಿಗೆಯೊಳಗೆ ಬೆರಳು ಹಾಕಲು ಹೊರಟಿದ್ದಳು.

"ಇದೂ ಟಿವಿನಾ?"

"ಕಂಪ್ಯೂಟರ್ ರೀ. ಎಣ್ಣೆ ಗಿರಣಿಯೋರು ಗುಜರಿಗೆ ಹಾಕ್ತಿದ್ರು, ನಾನು ಎತ್ಕೊಂಡ್ ಬಂದೆ. ಭಾನುವಾರ ಬರ್ರಿ, ಓಡಿಸಿ ತೋರಿಸ್ತೀನಿ. ನಮ್ದೊಂದು ಕ್ಲಬ್ ಐತೆ."

"ಫೀಸು?"

"ಫೀಸಿಲ್ಲ. ಒಳಗಿರೋ ಸಾಫ್ಟ್‌ವೇರೂ ಬಿಟ್ಟಿ. ಲಿನಕ್ಸ್ ಅಂತ. ಯಾರು ಬೇಕಾದ್ರೂ ಹಾಕ್ಕೋಬಹುದು, ತಿದ್ದಬಹುದು, ಇನ್ನೊಬ್ರಿಗೆ ಕೊಡಬಹುದು. ಇಲ್ಲಿ ಕಲ್ತಿದ್ದನ್ನ ಇನ್ನೊಬ್ರಿಗೆ ಕಲಿಸ್ಬೇಕು, ಅಷ್ಟೇ."

ಇಷ್ಟು ಹೇಳಿ ಅವನು ಕೆಳತುಟಿ ಕಚ್ಚಿಕೊಂಡು ಮತ್ತೆ ಸ್ಕ್ರೂ ತಿರುಗಿಸತೊಡಗಿದ. ಪಾಪ, ಆ ಹುಡುಗಿಯ ಕತೆ ಅವತ್ತೇ ಮುಗಿಯಿತು ಅನ್ನಿ!

ಕ್ಲಬ್ಬಿನಲ್ಲಿದ್ದದ್ದು ಎರಡು ಹಳೇ ಕಂಪ್ಯೂಟರು, ಒಂಬತ್ತು ಜನ. ಇದ್ದ ಯಂತ್ರಗಳನ್ನೇ ಎಲ್ಲರೂ ಹಂಚಿಕೊಳ್ಳಬೇಕಾದ್ದರಿಂದ ಲೋಹಿತ ಅವುಗಳೊಳಗೆ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಜಾಗ ಮಾಡಿಕೊಟ್ಟಿದ್ದ. ಅದಕ್ಕೆ ಅವರೆಲ್ಲ 'ಕೋಣೆ' ಅನ್ನುತ್ತಿದ್ದರು.

"ನಿಮ್ಮ ಪಾಸ್‌ವರ್ಡೇ ನಿಮ್ಮ ಬೀಗದ ಕೈ," ಅಂದಿದ್ದ ಅವನು. "ಯಂತ್ರ ನೋಡ್ಕೊಳ್ಳೋನು ನಾನು. ಎಲ್ಲರ ಬಾಗ್ಲೂ ನನಗೊಬ್ಬನಿಗೇ ತೆರೆಯುತ್ತೆ. ಆದ್ರೆ ನಾನು ಯಾವತ್ತೂ ತೆರೆಯಲ್ಲ. ಮಾತಂದ್ರೆ ಮಾತು!"

ಆ ಮಾತನ್ನು ಗಂಗಲಕ್ಷ್ಮಿ ನಂಬಿದಳು. ಆರು ಮಂದಿ ಮಲಗುವ ಮನೆಯಲ್ಲಿ ಬೆಳೆದ ಹುಡುಗಿ. ತನ್ನದೇ ಅಂತ ಒಂದು ಪೆಟ್ಟಿಗೆ ಕೂಡ ಇರಲಿಲ್ಲ. ಮೊದಲ ಸಲ ಅವಳಿಗೊಂದು ಕೋಣೆ ಸಿಕ್ಕಿತ್ತು!

ಆ ಕೋಣೆಯಲ್ಲಿ ಕೂತು ಅವಳು ಪ್ರತಿ ಭಾನುವಾರ ಒಂದೇ ಪತ್ರವನ್ನು ಮುಂದುವರಿಸಿ ಬರೆದಳು. ಅದರಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದಳು. 'ನೀವು ಸ್ಕ್ರೂ ತಿರುಗಿಸುವಾಗ ತುಟಿ ಕಚ್ಚಿಕೊಳ್ತೀರಲ್ಲ, ಅದನ್ನ ನೋಡೋಕೇ ನಾನು ಬರ್ತೀನಿ. ಕಂಪ್ಯೂಟರ್ ಒಂದು ನೆಪ...' ಹೀಗೆ ಎಂಟು ತಿಂಗಳು. ಕೊಡುವ ಧೈರ್ಯ ಮಾತ್ರ ಬರಲಿಲ್ಲ.

ಅವನಿಗೂ ಅವಳ ಮೇಲೆ ಮನಸ್ಸಿತ್ತಾ? ಇತ್ತು ಬಿಡಿ! ಅವಳು ಬರುವ ದಿನ ಅಂಗಡಿಯನ್ನು ಎರಡೆರಡು ಸಲ ಗುಡಿಸುತ್ತಿದ್ದ. ಆದರೆ ಅವನೂ ಬಾಯಿ ಬಿಡುವವನಲ್ಲ.

ಒಂದು ಸೋಮವಾರ ಗಂಗಲಕ್ಷ್ಮಿ ಕಾಲೇಜಿಗೆ ಬಂದಾಗ ಗೇಟಿನ ಹತ್ತಿರ ಹುಡುಗರ ಗುಂಪು ಕಿಸಕ್ಕನೆ ನಕ್ಕಿತು. ಒಬ್ಬ ಬೇಕಂತಲೇ ತುಟಿ ಕಚ್ಚಿಕೊಂಡು ತೋರಿಸಿದ.

"ಕಂಪ್ಯೂಟರ್ ಒಂದು ನೆಪ ಲೇ!"

ಅವಳು ಒಳಗೆ ಓಡಿದಳು. ನೋಟಿಸ್ ಬೋರ್ಡಿನ ಮೇಲೆ ಉದ್ದನೆಯ ಕಾಗದ. ಅವಳ ಪತ್ರ! ಪ್ರಿಂಟು ತೆಗೆದು ಅಂಟಿಸಿದ್ದರು. ಇನ್ನೆಷ್ಟು ಪ್ರತಿ ಎಲ್ಲೆಲ್ಲಿ ಹೋಗಿದ್ದವೋ!

ಅಲ್ಲಿಂದ ಅಂಗಡಿಗೆ ಅವಳು ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ.

"ಯಾಕೆ ಹಿಂಗ್ ಮಾಡಿದ್ರಿ?"

ಲೋಹಿತನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮುಖ ಬಿಳುಚಿಕೊಂಡಿತ್ತು. "ನಾನಲ್ಲ ರೀ... ನಾನು ಓದೇ ಇಲ್ಲ."

"ಮತ್ತ್ಯಾರು? ಎಲ್ಲರ ಬಾಗ್ಲೂ ನಿಮಗೊಬ್ರಿಗೇ ತೆರೆಯುತ್ತೆ ಅಂದಿದ್ರಲ್ಲ! ನೀವೇ ಹೇಳಿದ್ರಲ್ಲ!"

ಅವನು ಕಂಪ್ಯೂಟರಿನ ಕಡೆ ನೋಡಿದ. ಹೌದು, ಅವನೇ ಹೇಳಿದ್ದ. ಹಾಗೇ ಅಂತ ಅವನೂ ನಂಬಿದ್ದ. ಬಾಗಿಲು ಹೇಗೆ ತೆರೆಯಿತೋ ಅವನಿಗೇ ಗೊತ್ತಿರಲಿಲ್ಲ.

ಅವಳು ಕಾಯಲಿಲ್ಲ, ಬಾಗಿಲ ಕಡೆ ತಿರುಗಿದಳು.

"ನಗಬೇಕು ಅನ್ಸಿದ್ರೆ ನೀವೊಬ್ರೇ ನಗಬಹುದಿತ್ತು... ಇನ್ನು ನನಗೆ ನಿಮ್ಮ ಮುಖ ತೋರಿಸ್ಬ್ಯಾಡಿ."

ಅದೇ ಸಂಜೆ ಕಾಟಪ್ಪ ಸಂತೆಯಿಂದ ಮನೆಗೆ ಬಂದ. ಕೈಯಲ್ಲಿ ಮಡಚಿದ ಅದೇ ಕಾಗದ. ಅವನಿಗೆ ಓದು ಬರದು. ಯಾರೋ ಕೈಗೆ ತುರುಕಿದ್ದನ್ನು ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಂದ ಓದಿಸಿಕೊಂಡಿದ್ದ. ಸುತ್ತ ನಾಲ್ಕು ಜನ ನಿಂತು ಕೇಳಿದ್ದರಂತೆ.

"ಬರೆದೋಳು ನೀನೇನಾ ಮಗಾ?"

"ಹೂಂ ಅಪ್ಪ..."

ಬಯ್ಯಲಿಲ್ಲ. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಅಂತ ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಕುರಿ ಹೊಡೆದುಕೊಂಡು ಹುಲ್ಲುಗಾವಲಿಗೆ ಹೋಗುವಾಗ ದಿನವೂ ಅವಳನ್ನು ಮಾತಾಡಿಸಿ ಹೋಗುತ್ತಿದ್ದ ಅಪ್ಪ, ಮರುದಿನದಿಂದ ಮಾತೇ ಬಿಟ್ಟ. ಕಾಲೇಜು ನಿಂತಿತು. ವಾರದೊಳಗೆ ಅವಳನ್ನು ರಾಂಪುರದ ಅಕ್ಕ ಶಾಂತಕುಮಾರಿಯ ಮನೆಗೆ ಕಳಿಸಿದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಅತ್ತಳು. ಪತ್ರ ಊರ ಪಾಲಾಯಿತು ಅಂತಲ್ಲ. ಕೊಟ್ಟ ಮಾತನ್ನು ಅವನೇ ಮುರಿದನಲ್ಲ ಅಂತ.

ನಾಲ್ಕು ವರ್ಷ ಕಳೆಯಿತು. ನೋಡಲು ಬಂದ ಎರಡು ಗಂಡುಗಳನ್ನು ಅವಳು ಬೇಡ ಅಂದಳು.

"ಇನ್ನೂ ಅವನ್ನೇ ನೆನೆಸ್ಕೊಂಡ್ ಕೂತೀಯೇನೇ?" ಶಾಂತಕುಮಾರಿ ಬೇಸರದಿಂದ ಕೇಳಿದಳು.

"ನೆನಪಲ್ಲ ಅಕ್ಕ, ಸಿಟ್ಟು."

ಸುಳ್ಳಿ! ಸಿಟ್ಟಿನವರು ಯಾರಾದರೂ ಒಬ್ಬಳೇ ಕೂತು ಅಳುತ್ತಾರಾ?

ರಾಂಪುರದ ಮಹಿಳಾ ಸಂಘಕ್ಕೆ ಯಾರೋ ಹಳೇ ಕಂಪ್ಯೂಟರೊಂದನ್ನು ದಾನ ಕೊಟ್ಟಾಗ, ಮುಟ್ಟಲು ಎಲ್ಲರಿಗೂ ಅಂಜಿಕೆ. ಗಂಗಲಕ್ಷ್ಮಿ ಮುಂದೆ ಬಂದಳು. ಮ್ಯಾಗಜೀನಿನ ಜೊತೆ ಬಂದಿದ್ದ ಸಿಡಿಯಿಂದ ಲಿನಕ್ಸ್ ಹಾಕಿದಳು, ಆರು ಹುಡುಗಿಯರನ್ನು ಸೇರಿಸಿದಳು, ಆರು ಕೋಣೆ ಮಾಡಿದಳು. ಅವನ ಮೇಲೆ ಎಷ್ಟೇ ಸಿಟ್ಟಿದ್ದರೂ, ಕಲಿಸುವಾಗ ಅವಳ ಬಾಯಿಂದ ಬರುತ್ತಿದ್ದದ್ದು ಅವನ ಮಾತುಗಳೇ.

ಒಂದು ಮಧ್ಯಾಹ್ನ ಹತ್ತನೇ ಕ್ಲಾಸಿನ ಕಾವ್ಯ ಪರದೆ ನೋಡಿ ನಗುತ್ತಿದ್ದಳು.

"ಏನೇ ಅದು?"

"ಮಿಸ್, ಯರ್ರಮ್ಮ ಅವಳ ಕೋಣೇಲಿ ನಿಮ್ ಬಗ್ಗೆ ಬರ್ದವ್ಳೆ! ನೀವು ನಗೋದೇ ಇಲ್ವಂತೆ!"

"ಅವಳ ಪಾಸ್‌ವರ್ಡು ನಿನಗ್ಯಾರು ಕೊಟ್ರು?"

"ಪಾಸ್‌ವರ್ಡ್ ಯಾಕೆ ಮಿಸ್? ನನ್ನ ಕೋಣೆಯಿಂದಲೇ ಒಳಕ್ಕೋದೆ. ಎಲ್ಲರದ್ದೂ ಬಾಗ್ಲು ತೆಗೆದೇ ಐತೆ. ತಿದ್ದೋಕೆ ಆಗಲ್ಲ. ಓದೋಕೆ ಆಗ್ತೈತೆ."

ಗಂಗಲಕ್ಷ್ಮಿ ಕಾವ್ಯಳನ್ನು ಪಕ್ಕಕ್ಕೆ ಸರಿಸಿ ತಾನೇ ಕೂತಳು. ಯರ್ರಮ್ಮನ ಕೋಣೆ ತೆರೆಯಿತು. ಇನ್ನೊಬ್ಬಳದ್ದು... ಅದೂ ತೆರೆಯಿತು. ಕೋಣೆ ಮಾಡಿದರೆ ಸಾಲದು, ಬೇರೆಯವರು ಓದದಂತೆ ಒಂದೊಂದಕ್ಕೂ ಪ್ರತ್ಯೇಕವಾಗಿ ಬೀಗ ಹಾಕಬೇಕು! ಅವಳಿಗೆ ಅದು ಗೊತ್ತಿರಲಿಲ್ಲ.

ಅವನಿಗೂ ಗೊತ್ತಿರಲಿಲ್ಲ!

ದೇವರೇ... ಕ್ಲಬ್ಬಿನ ಒಂಬತ್ತು ಜನರಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಅವನು ನಿಜವನ್ನೇ ಹೇಳಿದ್ದ. 'ನಾನು ಓದೇ ಇಲ್ಲ' ಅಂದಿದ್ದ. ನಾನು ಒಂದು ನಿಮಿಷ ನಿಂತು ಕೇಳಲಿಲ್ಲ...

"ಮಿಸ್, ಯಾಕ್ ಅಳ್ತೀರಿ? ಯರ್ರಮ್ಮ ಕೆಟ್ಟದ್ದೇನೂ ಬರ್ದಿಲ್ಲ ಮಿಸ್!"

ಮರುದಿನ ಬೆಳಿಗ್ಗೆಯೇ ಅವಳು ಚಳ್ಳಕೆರೆಯ ಬಸ್ಸು ಹತ್ತಿದಳು.

ಅಂಗಡಿ ಅಲ್ಲೇ ಇತ್ತು. ಮೇಜಿನ ಹಿಂದೆ ಅವನೂ ಇದ್ದ, ಸೊರಗಿದ್ದ. ಅವಳನ್ನು ನೋಡಿದವನೇ ಎದ್ದು ನಿಂತು ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

"ಯಾಕೆ ಆ ಕಡೆ ತಿರುಗಿದ್ರಿ?"

"ಮುಖ ತೋರಿಸ್ಬ್ಯಾಡಿ ಅಂದಿದ್ರಿ."

ಅವಳು ಮೇಜಿನ ಹತ್ತಿರ ಬಂದಳು. "ಬಾಗ್ಲು ತೆರೆದೇ ಇತ್ತು ಅಂತ ನನಗೆ ನಿನ್ನೆ ಗೊತ್ತಾಯ್ತು. ನಾನೂ ಅದೇ ತಪ್ಪು ಮಾಡಿದ್ದೆ. ತಿರುಗ್ರೀ... ದಮ್ಮಯ್ಯ ಅಂತೀನಿ."

ಅವನು ತಿರುಗಿದ. ಕಣ್ಣು ತುಂಬಿತ್ತು. "ನನಗೆ ಗೊತ್ತಾಗೋಕೆ ಹದಿನೈದು ದಿನ ಹಿಡೀತು. ಕ್ಲಬ್ಬಿಗೆ ಬರ್ತಿದ್ನಲ್ಲ ಮಾರುತೇಶ, ಅವನೇ ತಮಾಷೆಗೆ ಮಾಡಿದ್ದ. ಅವನನ್ನ ಕ್ಲಬ್ಬಿಂದ ಕಳಿಸ್ದೆ. ನಿಮ್ಮೂರಿಗೂ ಬಂದಿದ್ದೆ. ನಿಮ್ಮಪ್ಪ, 'ಅವಳ ಹೆಸರು ಎತ್ತಬ್ಯಾಡಪ್ಪ' ಅಂತ ಬಾಗಿಲಲ್ಲೇ ಕೈ ಮುಗಿದ್ರು. ಹಿರಿಯರು ಹಂಗೆ ಕೈ ಮುಗಿದ್ ಮೇಲೆ... ಬೀಗ ಹಾಕ್ಬೇಕಾದೋನು ನಾನೇ ಅಲ್ವಾ? ತಪ್ಪು ನಂದೇ."

"ಪತ್ರ... ಆಮೇಲಾದ್ರೂ ಓದಿದ್ರಾ?"

"ಇಲ್ಲ. ನನ್ ಬಗ್ಗೆ ಅಂತ ಊರೆಲ್ಲ ಹೇಳಿತು. ಕಿವಿ ಮುಚ್ಕೊಂಡು ತಿರುಗಿದೆ." ಅವನು ಮೂಲೆಯ ಕಂಪ್ಯೂಟರ್ ತೋರಿಸಿದ. "ಮೂರು ಯಂತ್ರ ಬದಲಾಯ್ತು. ನಿಮ್ಮ ಕೋಣೇನ ಒಂದರಿಂದ ಒಂದಕ್ಕೆ ಸಾಗಿಸ್ದೆ. ಒಳಗೆ ನೋಡ್ಲಿಲ್ಲ."

ಊರಿಗೆ ಊರೇ ಓದಿ ನಕ್ಕ ಪತ್ರವನ್ನು, ಯಾರಿಗಾಗಿ ಬರೆದಿದ್ದಳೋ ಅವನೊಬ್ಬ ಓದಿರಲಿಲ್ಲ!

ಗಂಗಲಕ್ಷ್ಮಿ ಕಂಪ್ಯೂಟರಿನ ಮುಂದೆ ಕೂತಳು. ಹಳೇ ಪಾಸ್‌ವರ್ಡು ಒತ್ತಿದಳು. ಪತ್ರದ ಹೆಸರಿನ ಮುಂದೆ ಅಳಿಸುವ ಆಜ್ಞೆ ಬರೆದಳು.

"ಅಯ್ಯೋ, ಬ್ಯಾಡ್ರೀ! ಅಳಿಸಿದ್ರೆ ವಾಪಸ್ ಬರಲ್ಲ! ಒಂದಿನ ನೀವೇ ಓದು ಅಂತೀರಿ ಅಂತ ನಾಲ್ಕು ವರ್ಷ..."

ಅವಳು ಕೀಲಿ ಒತ್ತಿಯೇಬಿಟ್ಟಳು.

"ಊರು ಓದಿದ್ದು ನಿಮಗ್ಯಾಕೆ? ಯಾರೂ ಓದದೇ ಇರೋದನ್ನ ಹೇಳ್ತೀನಿ, ಕೇಳ್ರಿ." ಅವಳು ಅವನ ಕಡೆ ತಿರುಗಿದಳು. "ನಿಮ್ಮನ್ನ ಬೈದ ದಿನಾನೂ ನಿಮ್ಮ ಮೇಲಿನ ಪ್ರೀತಿ ಹೋಗ್ಲಿಲ್ಲ. ಸುಳ್ಳುಗಾರನ್ನ ಹೆಂಗೆ ಪ್ರೀತಿಸ್ಲಿ ಅಂತ ನಾಲ್ಕು ವರ್ಷ ನನ್ನನ್ನೇ ಬೈಕೊಂಡೆ. ಒಂದ್ ಮಾತು ನಿಂತು ಕೇಳಿದ್ರೆ ಸಾಕಿತ್ತು... ಕೇಳ್ಲಿಲ್ಲ."

ಲೋಹಿತ ಅವಳ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ಬಹಳ ಹೊತ್ತು ಇಬ್ಬರೂ ಅತ್ತರು.

"ನಾಳೆ ನಿಮ್ಮಪ್ಪನ ಹತ್ರ ಬರ್ತೀನಿ," ಅಂದ ಕೊನೆಗೆ. "ತಪ್ಪು ನಂದು ಅಂತೀನಿ. ನಿಮ್ಮನ್ನ ಕೊಡಿ ಅಂತ್ಲೂ ಕೇಳ್ತೀನಿ."

"ಅಪ್ಪ ನನ್ ಜೊತೆನೇ ಮಾತಾಡಲ್ಲ. ನಿಮ್ ಜೊತೆ ಆಡ್ತಾರಾ?"

"ಆಡೋ ತನಕ ಕೂತಿರ್ತೀನಿ."

"ಎಷ್ಟ್ ಹೊತ್ತು ಅಂತ ಕೂತಿರ್ತೀರಿ?"

"ನಾಲ್ಕು ವರ್ಷ ಕೂತಿಲ್ವಾ?"

ಗಂಗಲಕ್ಷ್ಮಿ ಅಳುತ್ತಲೇ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ಕೈ ಹಿಡಿದುಕೊಂಡಳು.

"ಹಂಗಾದ್ರೆ ನಾನೂ ಪಕ್ಕದಲ್ಲೇ ಕೂತ್ಕೊತೀನಿ."