ಹೊರಗಿನಿಂದ ಹಾಕಿದ ಚಿಲಕ

ಮೈದುನ ಚಿಲಕ ಸರಿಸಿ ಬಾಗಿಲು ತೆಗೆದಾಗ ನರ್ಸ್ ನೆಲದ ಮೇಲೆ ಕೂತಿದ್ದಳು. ಬಡಿದು ಬಡಿದು ಅವಳ ಅಂಗೈಗಳು ಕೆಂಪಾಗಿದ್ದವು. ಭಾಷಾಶಾಲೆಯ ಆ ಆಲಿಸುವ ಕೋಣೆಗೆ ದಪ್ಪ ಮೆತ್ತೆ ಹೊಡೆಸಿದವನು ಅವನೇ. ಒಳಗೆ ಆನೆ ಘೀಳಿಟ್ಟರೂ ಹೊರಗೆ ಕೇಳಿಸದೆಂದು ಬಂದವರೆದುರು ಜಂಬ ಕೊಚ್ಚುತ್ತಿದ್ದವನೂ ಅವನೇ.

“ನನ್ನ ಪರೀಕ್ಷೆ?” ಎಂದಳು ನರ್ಸ್.

“ಎರಡು ಸಲ ಕರೆದ್ರು. ಗೈರು ಅಂತ ಬರ್ಕೊಂಡ್ಬಿಟ್ರು.”

ಅವಳು ಮುಖ ಮುಚ್ಚಿಕೊಂಡಳು. ಪರದೇಶದ ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಟ್ಟಿತ್ತು. ಆದರೆ ಈ ತಿಂಗಳೊಳಗೆ ಫ್ರೆಂಚ್ ಮೌಖಿಕ ಪರೀಕ್ಷೆ ಪಾಸಾದ ಪತ್ರ ಕಳಿಸಬೇಕಿತ್ತು. ಪರೀಕ್ಷಕರು ಬರುವುದು ವರ್ಷಕ್ಕೊಮ್ಮೆ.

ಮೈದುನ ಅತ್ತಿಗೆಯ ಬಳಿಗೆ ಓಡಿದ. ಅವನು ಶಾಲೆಯ ಆಫೀಸು ನೋಡಿಕೊಳ್ಳುತ್ತಿದ್ದ, ಅತ್ತಿಗೆ ಫ್ರೆಂಚ್ ಕಲಿಸುತ್ತಿದ್ದರು. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಎಡವಟ್ಟಾದರೂ ಜನ ಪೊಲೀಸರಿಗಿಂತ ಮೊದಲು ಅತ್ತಿಗೆಯ ಕದ ತಟ್ಟುತ್ತಿದ್ದರು. ಮೈದುನ ಅವರ ಹಿಂದೆ ಬಾಲದಂತೆ ಸುತ್ತುತ್ತಿದ್ದ. ಅದರಲ್ಲಿ ಅವನಿಗೆ ನಾಚಿಕೆಯೇನೂ ಇರಲಿಲ್ಲ.

ಪರೀಕ್ಷಕರು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. “ಹೆದರಿಕೊಂಡು, ಪರಿಚಯದವರ ಕೈಲೇ ಚಿಲಕ ಹಾಕಿಸ್ಕೊಂಡಿರಬಹುದು. ಇಂಥ ನಾಟಕ ಬೇಕಾದಷ್ಟು ನೋಡಿದೀನಿ. ಹಾಕಿದವರು ಯಾರು, ಯಾಕೆ ಹಾಕಿದ್ರು ಅಂತ ಗೊತ್ತಾಗ್ಲಿ, ಆಮೇಲೆ ನೋಡೋಣ. ನನ್ನ ಟ್ಯಾಕ್ಸಿ ಬರೋವರೆಗೆ ಸಮಯ ಇದೆ.”

ಆ ದಿನ ಮಹಡಿಯಲ್ಲಿದ್ದ ವಿದ್ಯಾರ್ಥಿಗಳು ಮೂವರೇ: ನರ್ಸ್, ಅವಳಿಗೆ ಜೊತೆಯಾಗಲೆಂದು ತರಗತಿಗೆ ಸೇರಿದ್ದ ಅವಳ ಅಕ್ಕ, ಮತ್ತೊಬ್ಬ ದರ್ಜಿ. ಬೆಳಿಗ್ಗೆ ಪಾಠ ಒಪ್ಪಿಸುವಾಗ ನರ್ಸ್ ಕಿಸಕ್ಕೆಂದಿದ್ದಕ್ಕೆ ದರ್ಜಿ ಮುಖ ಊದಿಸಿಕೊಂಡಿದ್ದ. ಬಿಡುವಿನಲ್ಲಿ ಎಲ್ಲರೂ ಕೆಳಗಿನ ಅಂಗಡಿಗೆ ಚಹಾಕ್ಕೆ ಇಳಿದಿದ್ದರು. ನರ್ಸ್ ಒಬ್ಬಳೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಲಿಸುವ ಕೋಣೆಯಲ್ಲಿ ಅಭ್ಯಾಸಕ್ಕೆ ಕೂತಿದ್ದಳು. ಎಲ್ಲರಿಗಿಂತ ಮೊದಲು ಮೇಲೆ ಬಂದವನು ದರ್ಜಿ.

“ನಾನು ಬಟ್ಟೆ ಕತ್ತರಿಸೋನು ಮೇಡಂ, ಯಾರ ಬದುಕಿಗೂ ಕತ್ತರಿ ಹಾಕೋನಲ್ಲ,” ಎಂದು ಅವನು ಕೈಮುಗಿದ.

“ನೀವೆಲ್ಲಿದ್ರಿ?” ಅತ್ತಿಗೆ ಅಕ್ಕನನ್ನು ಕೇಳಿದರು.

“ನಿಮ್ಮ ಹಿಂದೆಯೇ ಇಳಿದೆ. ಔಷಧಿ ಅಂಗಡೀಲಿ ಅಮ್ಮನ ಮಾತ್ರೆ ತಗೊಂಡೆ. ನೀವೆಲ್ಲ ವಾಪಸ್ ಬಂದಾದ ಮೇಲೆ ನಾನೂ ಮೆಟ್ಟಿಲು ಹತ್ತಿ ಬಂದು ಹಲಗೆ ಮೇಲೆ ಬರೆದು ಅಭ್ಯಾಸ ಮಾಡಿದೆ.”

ಕರಿಹಲಗೆಯ ಮೇಲೆ ‘ಕಾಯು’ ಎಂಬ ಫ್ರೆಂಚ್ ಕ್ರಿಯಾಪದ ಆರೂ ರೂಪಗಳಲ್ಲಿ ನಿಂತಿತ್ತು: ನಾನು ಕಾಯುತ್ತಿದ್ದೆ, ನೀನು ಕಾಯುತ್ತಿದ್ದೆ, ಅವಳು ಕಾಯುತ್ತಿದ್ದಳು. ಹಿಂದೆ ದಿನವೂ ನಡೆಯುತ್ತಿದ್ದುದನ್ನು ಹೇಳುವ ಭೂತಕಾಲ ಅದು. ವರ್ತಮಾನದ ‘ನಾವು’ ರೂಪ ಹಿಡಿ, ಅದರ ಬಾಲ ಕತ್ತರಿಸು, ಹೊಸ ಬಾಲ ಅಂಟಿಸು ಎಂದು ಅತ್ತಿಗೆ ತಿಂಗಳಿಡೀ ಬಡಿದುಕೊಂಡಿದ್ದರು. ಗೋಡೆಯಾಚೆ ಕೂತಿದ್ದ ಮೈದುನನಿಗೂ ಅದು ಬಾಯಿಪಾಠವಾಗಿತ್ತು.

“ಇದನ್ನ ಒರೆಸಿಬಿಡು,” ಎಂದರು ಅತ್ತಿಗೆ.

ಮೈದುನ ಡಸ್ಟರ್ ಹಿಡಿದು ತಿಕ್ಕಿದ. ಅಕ್ಷರ ಒಂದಿಷ್ಟೂ ಮಾಸಲಿಲ್ಲ. “ದರಿದ್ರ ಸೀಮೆಸುಣ್ಣ!” ಎಂದು ಗೊಣಗಿದ. ಪಕ್ಕದಲ್ಲಿ ಅತ್ತಿಗೆ ಅದೇ ಸುಣ್ಣದಿಂದ ಗೀಟೊಂದು ಎಳೆದು ಬೆರಳಿನಿಂದ ಒರೆಸಿದರು. ಅದು ಹೋಯಿತು. ಆಮೇಲೆ ಅವರು ನರ್ಸಿನ ಪಕ್ಕ ಕೂತು, ಬಾಗಿಲು ಸಿಕ್ಕಿಕೊಂಡದ್ದು ಯಾವಾಗ ಗೊತ್ತಾಯಿತೆಂದು ಕೇಳಿದರು.

“ನೀವೆಲ್ಲ ಇಳಿದ ಕೂಡಲೇ ಕೇಳೋಕೆ ಕೂತೆ. ಮೊದಲನೇ ಪಾಠ ಇನ್ನೂ ಮುಗಿದಿರಲಿಲ್ಲ. ನೀರು ಕುಡಿಯೋಣ ಅಂತ ಎದ್ದೆ. ಆಗಲೇ ಬಾಗಿಲು ಬರಲಿಲ್ಲ ಮೇಡಂ.”

ಅತ್ತಿಗೆ ಎಲ್ಲರನ್ನೂ ತರಗತಿಯ ಬೆಂಚುಗಳಲ್ಲಿ ಕೂರಿಸಿದರು. ಪರೀಕ್ಷಕರು ಕೈಗಡಿಯಾರ ನೋಡುತ್ತ ಮೂಲೆ ಹಿಡಿದರು.

“ಮೊದಲನೇ ಪಾಠ ಹತ್ತು ನಿಮಿಷದ್ದು,” ಎಂದರು ಅತ್ತಿಗೆ. “ಅಂದ್ರೆ ಬಿಡುವು ಶುರುವಾದ ಹತ್ತು ನಿಮಿಷದೊಳಗೇ ಚಿಲಕ ಬಿದ್ದಿದೆ. ಆಗ ದರ್ಜಿಯವರು ನಮ್ಮ ಜೊತೆ ಚಹಾ ಹೀರ್ತಾ ಇದ್ರು. ಅವರ ಮೇಲೆ ಅನುಮಾನ ಬೇಡ.”

ದರ್ಜಿ ಉಸಿರು ಬಿಟ್ಟ.

“ಹಾಗಾದ್ರೆ ಮೇಲೆ ಉಳಿದವರು ಯಾರು? ಬಿಡುವಾದ ಕೂಡಲೇ ಹಲಗೆಗೆ ಏನು ಮಾಡಿದೆಯಪ್ಪ ನೀನು?”

“ಒದ್ದೆ ಬಟ್ಟೇಲಿ ಒರೆಸಿ ಕೆಳಗೆ ಬಂದೆ,” ಎಂದ ಮೈದುನ.

“ಒಣಗಿದ ಹಲಗೆ ಮೇಲೆ ಬರೆದದ್ದು ಒರೆಸಿದ್ರೆ ಹೋಗತ್ತೆ. ನನ್ನ ಗೀಟು ಹೋಯ್ತು. ಒದ್ದೆ ಹಲಗೆ ಮೇಲೆ ಬರೆದದ್ದು ಒಣಗಿ ಕಚ್ಕೊಳ್ಳತ್ತೆ. ನಾವು ಮೇಲೆ ಬರೋ ಹೊತ್ತಿಗೆ ಫ್ಯಾನ್ ಗಾಳಿಗೆ ಹಲಗೆ ಒಣಗಿ ಎಷ್ಟೋ ಹೊತ್ತಾಗಿತ್ತು. ಇದನ್ನ ಬರೆದಾಗ ಹಲಗೆ ಹಸಿಯಾಗಿತ್ತು, ನಾವೆಲ್ಲ ಆಗಷ್ಟೇ ಇಳಿದಿದ್ವಿ.” ಅತ್ತಿಗೆ ಅಕ್ಕನನ್ನು ನೋಡಿದರು, ದನಿ ಮೆತ್ತಗಾಯಿತು. “ನೀವು ಇಳಿಯಲಿಲ್ಲ. ಮಾಡ್ಲೋ ಬೇಡ್ವೋ ಅಂತ ಇಲ್ಲಿ ನಿಂತು ಬರೀತಾ ಇದ್ರಿ. ಆಮೇಲೆ ಹೋಗಿ ಚಿಲಕ ಹಾಕಿದ್ರಿ. ಮಾತ್ರೆ ತಂದದ್ದು ಅದಾದ ಮೇಲೆ.”

ಅಕ್ಕ ಅಲ್ಲಗಳೆಯಲಿಲ್ಲ. ತಂಗಿಯ ಕಡೆಗೆ ತಿರುಗಿದಳು.

“ಅಮ್ಮ ಹಾಸಿಗೆ ಹಿಡಿದು ಆರು ವರ್ಷ ಆಯ್ತು. ಇಬ್ಬರೂ ಹಂಚ್ಕೊಂಡು ನೋಡಿದ್ದಕ್ಕೆ ಹೇಗೋ ನಡೀತು. ನೀನು ಹೋದ್ರೆ ನಾನೊಬ್ಬಳೇ. ನಿನಗೆ ಒಂದು ಗಂಟೆಗೇ ಉಸಿರು ಕಟ್ಟಿತಲ್ಲ, ನನಗೆ ಇನ್ನು ಹಾಗೇ ಇರೋದು ಕಣೇ.”

“ಹೋಗ್ಬೇಡ ಅನ್ನೋಕೆ ಬಾಯಿರಲಿಲ್ವಾ ನಿಂಗೆ?”

“ಅಂದಿದ್ರೆ ನಿಲ್ತಿದ್ದೆಯಾ?”

ಪರೀಕ್ಷಕರು ಪಟ್ಟಿ ತೆಗೆದು ಗೈರು ಎಂಬುದನ್ನು ಹೊಡೆದು ಹಾಕಿದರು. “ಬಾಮ್ಮ ಒಳಗೆ.”

ಪರೀಕ್ಷೆಯ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು. ಚಿಕ್ಕವಳಿದ್ದಾಗಿನ ಬದುಕಿನ ಬಗ್ಗೆ ಮಾತಾಡು ಎಂದರು ಪರೀಕ್ಷಕರು. ನರ್ಸ್ ಮೊದಲು ತಡವರಿಸಿದಳು. ಆಮೇಲೆ ಮಾತು ಒಂದೇ ಸಮ ಹರಿಯಿತು. ಪಡಸಾಲೆಯಲ್ಲಿ ನಿಂತಿದ್ದ ಅಕ್ಕ ಗೋಡೆಗೆ ಒರಗಿದಳು.

“ಏನು ಹೇಳ್ತಿದಾರೆ ನಿಮ್ಮ ತಂಗಿ?” ಎಂದ ಮೈದುನ. ಕ್ರಿಯಾಪದದ ಬಾಲಗಳನ್ನು ಬಿಟ್ಟರೆ ಅವನಿಗೆ ಬೇರೇನೂ ತಿಳಿಯುತ್ತಿರಲಿಲ್ಲ.

“ಅಕ್ಕ ನನಗೆ ತಲೆ ಬಾಚ್ತಿದ್ಳು. ಅಕ್ಕ ನನ್ನ ಸೊಂಟದ ಮೇಲೆ ಎತ್ಕೊಂಡು ತಿರುಗ್ತಿದ್ಳು. ತನ್ನ ತುತ್ತು ನನಗೆ ಕೊಡ್ತಿದ್ಳು.” ಅಕ್ಕನಿಗೆ ಅಳು ಬಂತು. “ಒಂದೂ ತಪ್ಪಿಲ್ಲ. ಪಾಸಾಗ್ತಾಳೆ.”

ಅಷ್ಟು ಹೇಳಿ ಅವಳು ಮಾತ್ರೆಯ ಪೊಟ್ಟಣ ತೆಗೆದುಕೊಂಡು ಮೆಟ್ಟಿಲಿಳಿದಳು. ಅತ್ತಿಗೆ ತಡೆಯಲಿಲ್ಲ. ಮೈದುನನಿಗೆ ಕಳ್ಳರನ್ನು ಹಿಡಿದಾಗ ಆಗುತ್ತಿದ್ದ ಖುಷಿ ಈ ಸಲ ಆಗಲಿಲ್ಲ.

ನರ್ಸ್ ಹೊರಬಂದಾಗ ಕೈಯಲ್ಲಿ ಪತ್ರವಿತ್ತು. “ಅಕ್ಕ ಎಲ್ಲಿ?”

“ಮನೆಗೆ ಹೋದ್ರು. ಅಮ್ಮನ ಮಾತ್ರೆ ತಗೊಂಡು.”

ಅವಳು ಗೋಡೆಯ ಗಡಿಯಾರ ನೋಡಿದಳು. “ಇವತ್ತು ಅಮ್ಮನ್ನ ನೋಡ್ಕೊಳ್ಳೋ ಪಾಳಿ ನನ್ನದು,” ಎಂದವಳೇ ಒಂದು ಕೈಲಿ ಸೆರಗು ಹಿಡಿದು ದಡಬಡ ಮೆಟ್ಟಿಲಿಳಿದು ಓಡಿದಳು.